ಮರದ ಬುಡಕ್ಕೆ ಒಂದಿಷ್ಟು ಮಣ್ಣು ಬಿಡಿ
ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಸುರಿದ ಮರುದಿನ ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಬುಡಮೇಲಾದ ಮರ ಕಾಣಸಿಗುತ್ತದೆ. ಗಾಳಿಗೆ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬುಡದ ಬಳಿ ಕುಳಿತು ನೋಡಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಎಷ್ಟೋ ಮರಗಳಲ್ಲಿ ಒಂದು ಬದಿಯ ಬೇರುಗಳು ಗರಗಸ ಹಾಕಿದಂತೆ ನೇರವಾಗಿ ಮುಗಿದಿರುತ್ತವೆ. ಚರಂಡಿಗೋ ಕೇಬಲ್ಲಿಗೋ ಹಿಂದೆಂದೋ ಅಗೆದ ಗುರುತು ಅದು. ಕಡಿದ ತುದಿಗಳು ಕಪ್ಪಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಕೊಳೆತಿರುತ್ತವೆ. ಇನ್ನೊಂದು ಬದಿಯಲ್ಲಿ ಕಾಂಡಕ್ಕೆ ತಾಗಿಸಿಯೇ ಹಾಸಿದ ಕಾಂಕ್ರೀಟು. ಅಂಥ ಮರ ಅಷ್ಟು ವರ್ಷ ನಿಂತದ್ದೇ ಆಶ್ಚರ್ಯ.

ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ ಎಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ನೀರು, ಪೋಷಕಾಂಶ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಅಡ್ಡಕ್ಕೆ ಮಾತ್ರ ಕೊಂಬೆಗಳ ಹರವನ್ನೂ ಮೀರಿ ಚಾಚುತ್ತವೆ. ಬೇರೂ ಉಸಿರಾಡಬೇಕಲ್ಲ! ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸಿಗುವ ಆಮ್ಲಜನಕ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ವಾಹನಗಳ ಭಾರಕ್ಕೆ ನೆಲ ಗಟ್ಟಿಯಾದರೆ ಆ ಸಂದುಗಳು ಮುಚ್ಚಿಹೋಗುತ್ತವೆ. ಮೇಲೆ ಸಿಮೆಂಟು ಬಿದ್ದರೆ ಗಾಳಿಗೂ ಮಳೆನೀರಿಗೂ ದಾರಿಯಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿದ್ದು ಇದೇ ಕಾರಣಕ್ಕೆ. ಒಂದು ಮೀಟರ್ ನನ್ನ ಲೆಕ್ಕದಲ್ಲಿ ತೀರಾ ಕಡಿಮೆ. ಆದರೂ ಅಷ್ಟಾದರೂ ಬಿಡುವ ರಸ್ತೆಗಳು ನಮ್ಮಲ್ಲಿ ಎಷ್ಟಿವೆ?

ಮಣ್ಣಿನ ಮಾತು ನಮ್ಮ ಸೆಕೆಯ ಮಾತೂ ಹೌದು. ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಲುಮರಗಳಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಇದರಲ್ಲಿ ನೆರಳಿನ ಪಾಲು ದೊಡ್ಡದು. ಉಳಿದ ತಂಪು ಬರುವುದು ಎಲೆಗಳಿಂದ ಆವಿಯಾಗುವ ನೀರಿನಿಂದ. ನೆಲದಲ್ಲಿ ತೇವವಿಲ್ಲದಿದ್ದರೆ ಎಲೆ ಆ ಆವಿ ಹೊರಹೋಗುವ ಸಣ್ಣ ತೂತುಗಳನ್ನು, ಅಂದರೆ ಪತ್ರರಂಧ್ರಗಳನ್ನು, ಮುಚ್ಚಿಕೊಳ್ಳುತ್ತದೆ. ಬಾಯಾರಿದ ಮರ ಎಲೆ ಉಳಿದಷ್ಟು ದಿನ ನೆರಳು ಕೊಟ್ಟೀತು, ಆದರೆ ಗಾಳಿಯನ್ನು ತಣಿಸಲಾರದು. ಕಡು ಬೇಸಿಗೆಯಲ್ಲಿ, ನಮಗೆ ತಂಪು ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಯಾವ ಮರ ನೆಡಬೇಕು ಎಂಬುದಕ್ಕೆ 1990ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಫ್ರ್ಯಾಂಕ್ ಸ್ಯಾಂಟಮೋರ್ ಒಂದು ಸೂತ್ರ ಕೊಟ್ಟರು: ಊರಿನ ಒಟ್ಟು ಮರಗಳಲ್ಲಿ ಒಂದೇ ಜಾತಿಯ ಮರ ಶೇ 10ನ್ನು, ಒಂದೇ ಕುಲದವು (ಹತ್ತಿರದ ಜಾತಿಗಳ ಗುಂಪು) ಶೇ 20ನ್ನು, ಒಂದೇ ಕುಟುಂಬದವು (ಹತ್ತಿರದ ಕುಲಗಳ ಗುಂಪು) ಶೇ 30ನ್ನು ಮೀರಬಾರದು. ಅಲ್ಲಿನ ಬೀದಿಗಳ ಎಲ್ಮ್ ಮರಗಳು ಒಂದೇ ಶಿಲೀಂಧ್ರ ರೋಗಕ್ಕೆ ಸಾಲುಸಾಲಾಗಿ ಸತ್ತ ಪಾಠ ಅದು. ಬೆಂಗಳೂರಿನ ಬೀದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡುಬಂದ ಹೊಂಗೆಯ ಪಾಲೂ ಶೇ 10ಕ್ಕಿಂತ ಕಡಿಮೆ ಎಂದು 2010ರ ಸಮೀಕ್ಷೆಯೊಂದು ಹೇಳಿತ್ತು. ಸಂತೋಷದ ಸಂಗತಿ. ಆದರೆ ಕುಟುಂಬದ ಲೆಕ್ಕ ಹಿಡಿದರೆ ಚಿತ್ರ ಬದಲಾಗುತ್ತದೆ. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲ್ಲವೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದವು. ನಾವು ಫೋಟೊ ತೆಗೆಯಲು ಮುಗಿಬೀಳುವ ಜಕರಾಂಡ, ತಬೆಬುಯಾ, ಜೊತೆಗೆ ಆಕಾಶಮಲ್ಲಿಗೆ, ಇವು ಮೂರೂ ಒಂದೇ ಮನೆತನದವು. ಹೂವಿನ ಬಣ್ಣ ನೋಡಿ ವೈವಿಧ್ಯ ಅಳೆಯಲಾಗದು.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಇಂದು ನಾವು ನಡೆಯುವ ಅದೆಷ್ಟೋ ನೆರಳು ಅವರ ಕಾಲದ್ದು. ಈಗ ಅಗಲ ರಸ್ತೆಗಳನ್ನು ಇನ್ನಷ್ಟು ಅಗಲ ಮಾಡುವಾಗ ಉರುಳುವುದು ಅತಿ ದೊಡ್ಡ ಮರಗಳೇ. ಒಂದಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆ ಎಂಬ ಭರವಸೆ ನನಗೆ ಸಮಾಧಾನ ತರುವುದಿಲ್ಲ. ಮಳೆಮರವೊಂದರ ಹರವಿನ ಎಲೆಗಳಿಗೆ ಮಂಡಿಯೆತ್ತರದ ಹತ್ತು ಸಸಿಗಳ ಎಲೆಗಳು ಯಾವ ಲೆಕ್ಕದಲ್ಲೂ ಸಮವಾಗುವುದಿಲ್ಲ. ಅಗಲ ರಸ್ತೆಗಳಿಗೆ ಹೋಲಿಸಿದರೆ ಮರಗಳು ತೀರಾ ಕಡಿಮೆ ಇರುವುದು ಜನ ಒತ್ತಾಗಿ ಬದುಕುವ ಇಕ್ಕಟ್ಟು ಬೀದಿಗಳಲ್ಲಿ. ಹೊಸ ಗಿಡಗಳು ಮೊದಲು ಅಲ್ಲಿಗೆ ಹೋಗಲಿ. ವಿದ್ಯುತ್ ತಂತಿಗೆ ತಾಗದ ಸಣ್ಣ ಜಾತಿಗಳನ್ನು ನಗರಾಡಳಿತ ಆರಿಸಲಿ. ಗುಂಡಿಯನ್ನು ಧಾರಾಳವಾಗಿ ತೋಡಿ ಸಡಿಲ ಮಣ್ಣು ತುಂಬಲಿ. ಎರಡು ಮೂರು ಬೇಸಿಗೆ ನೀರುಣಿಸುವ ಹಣವನ್ನು ಗಿಡ ನೆಡುವ ಟೆಂಡರಿನಲ್ಲೇ ಸೇರಿಸಲಿ.