64 ಜನಕ್ಕೆ ಒಂದು ಕೌಂಟಿ: ಪಕ್ಕದ್ದಕ್ಕೆ ಸೇರಿಸಿಬಿಡಬಾರದಾ?

ಓದುಗರ ಪ್ರಶ್ನೆ: "ಅಮೆರಿಕದ ಟೆಕ್ಸಾಸ್‌ನಲ್ಲಿ ಲವಿಂಗ್ ಕೌಂಟಿ ಅಂತ ಒಂದಿದೆಯಂತೆ, ಅಲ್ಲಿ ಇರುವುದೇ 64 ಜನವಂತೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಲ್ವಾ? ಇಷ್ಟು ಜನಕ್ಕೆ ಒಂದು ಜಿಲ್ಲೆ ಯಾಕೆ ಬೇಕು? ಪಕ್ಕದ್ದಕ್ಕೆ ಸೇರಿಸಿಬಿಡಬಾರದಾ?"

ಸಂಖ್ಯೆ ಸುಳ್ಳಲ್ಲ. 2020ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 64. ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಇರುವುದು ಇಲ್ಲೇ. ಇನ್ನು ಪಕ್ಕದ್ದಕ್ಕೆ ಸೇರಿಸುವ ಮಾತು. ಒಂದು ಸಲ ಸೇರಿಸಿದ್ದರು! 34 ವರ್ಷ ಇದು ಪಕ್ಕದ ರೀವ್ಸ್ ಕೌಂಟಿಯ ಜೊತೆಗೇ ಇತ್ತು. ಆಮೇಲೆ ಮತ್ತೆ ಬೇರೆಯಾಯಿತು. ಯಾಕೆ ಅಂತ ಹೇಳಬೇಕಾದರೆ ಒಂದು ಮೋಸದ ಕಥೆ, ಒಂದಿಷ್ಟು ಉಪ್ಪುನೀರು, ಬೇಕಾದಷ್ಟು ಕಚ್ಚಾ ಎಣ್ಣೆ, ಮೂರೂ ಬರುತ್ತವೆ.

ಮೊದಲು ಜಿಲ್ಲೆಯ ವಿಷಯ ಮುಗಿಸೋಣ. ಕೌಂಟಿಯನ್ನು ಜಿಲ್ಲೆ ಅಂದುಕೊಂಡರೆ ತೀರಾ ತಪ್ಪೇನಿಲ್ಲ. ಭೂದಾಖಲೆ, ರಸ್ತೆ, ಜೈಲು, ಆಸ್ತಿ ತೆರಿಗೆ, ಚುನಾವಣೆ ನಡೆಸುವುದು, ಎಲ್ಲ ಅಲ್ಲೇ. ಆದರೆ ನಮ್ಮ ಡಿಸಿಯನ್ನು ಸರ್ಕಾರ ಕಳಿಸುತ್ತದೆ, ಅಲ್ಲಿ ಜನ ಓಟು ಹಾಕಿ ಆರಿಸುತ್ತಾರೆ. ಟೆಕ್ಸಾಸ್‌ನಲ್ಲಿ ಕೌಂಟಿಯ ಯಜಮಾನನಿಗೆ ಕೌಂಟಿ ಜಡ್ಜ್ ಅಂತಾರೆ, ಅವರು ವಕೀಲಿ ಓದಿರಲೇಬೇಕು ಅಂತೇನಿಲ್ಲ. ಅವರ ಜೊತೆ ನಾಲ್ಕು ಜನ ಕಮಿಷನರ್‌ಗಳು. ಈ ಐದು ಜನರ ಸಭೆಗೆ ಕಮಿಷನರ್ಸ್ ಕೋರ್ಟ್ ಅಂತ ಹೆಸರು, ಆದರೆ ಅದು ಕೋರ್ಟಲ್ಲ, ನಮ್ಮ ಜಿಲ್ಲಾ ಪಂಚಾಯ್ತಿ ಸಭೆಯ ಥರ. ಇವರಲ್ಲದೆ ಶೆರಿಫ್ (ಕೌಂಟಿಯ ಪೊಲೀಸರ ಮುಖ್ಯಸ್ಥ), ಕ್ಲರ್ಕ್, ಹೀಗೆ ಇನ್ನೂ ಒಂದಷ್ಟು ಜನ, ಅವರೂ ಚುನಾವಣೆಯಲ್ಲಿ ಗೆದ್ದೇ ಬರಬೇಕು. 64 ಜನರಲ್ಲಿ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿ ನೋಡಿ, ಹೆಚ್ಚುಕಮ್ಮಿ ಮನೆಗೊಬ್ಬ ಅಧಿಕಾರಿ!

ತಮಾಷೆ ಅಂದರೆ ಲಾಸ್ ಏಂಜಲೀಸ್ ಕೂಡ ಒಂದು ಕೌಂಟಿಯೇ. ಅಲ್ಲಿ ಅದೇ 2020ರಲ್ಲಿ ಸಿಕ್ಕ ಲೆಕ್ಕ ಒಂದು ಕೋಟಿಗೂ ಜಾಸ್ತಿ. ಅಲ್ಲಿಗೂ ಒಬ್ಬ ಶೆರಿಫ್, ಇಲ್ಲಿಗೂ ಒಬ್ಬ ಶೆರಿಫ್. ಇಂತಿಷ್ಟು ಜನ ಇದ್ದರೆ ಮಾತ್ರ ಕೌಂಟಿ ಅನ್ನುವ ಅಳತೆ ಇಡೀ ದೇಶಕ್ಕೆ ಒಂದು ಅಂತ ಇಲ್ಲ.

ಇನ್ನು ಜಾಗಕ್ಕೆ ಬರೋಣ. ಲವಿಂಗ್ ಕೌಂಟಿ ಇರುವುದು ಟೆಕ್ಸಾಸ್‌ನ ಪಶ್ಚಿಮ ತುದಿಯ ಕಡೆ. ಉತ್ತರಕ್ಕೆ ನ್ಯೂ ಮೆಕ್ಸಿಕೋ ರಾಜ್ಯದ ಗಡಿ, ಇನ್ನೊಂದು ಮಗ್ಗುಲಿಗೆ ಪೆಕೋಸ್ ನದಿ. ನದಿ ದಾಟಿದರೆ ರೀವ್ಸ್ ಕೌಂಟಿ. ವಿಸ್ತೀರ್ಣ ಸುಮಾರು 1,750 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. 27 ಚದರ ಕಿಲೋಮೀಟರಿಗೆ ಒಬ್ಬರಂತೆ ಲೆಕ್ಕ ಬೀಳುತ್ತದೆ. ಊರು ಅಂತ ಇರುವುದು ಒಂದೇ, ಮೆಂಟೋನ್. 1935ರಲ್ಲಿ ಕಟ್ಟಿದ ಎರಡು ಮಹಡಿಯ ಕೋರ್ಟ್‌ಹೌಸ್ ಅಲ್ಲಿದೆ, ಕೌಂಟಿಯ ಆಡಳಿತ ನಡೆಯುವುದು ಅಲ್ಲಿಂದ.

ನೆಲ ಒಣ ನೆಲ. ವರ್ಷಕ್ಕೆ ಬೀಳುವ ಮಳೆ ಹತ್ತು ಇಂಚಿನ ಆಸುಪಾಸು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳೆಯುವುದು ಮೆಸ್ಕೀಟ್ ಅನ್ನುವ ಮುಳ್ಳಿನ ಗಿಡ. ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ಕೆರೆ ಅಂಗಳ, ರಸ್ತೆ ಬದಿ ಅನ್ನದೆ ಎಲ್ಲ ಕಡೆ ಹಬ್ಬಿರುವ ಬಳ್ಳಾರಿ ಜಾಲಿ ಇದೆಯಲ್ಲ, ಅದರ ದಾಯಾದಿ. ಬಳ್ಳಾರಿ ಜಾಲಿಯೂ ಮೂಲದಲ್ಲಿ ಆ ಕಡೆಯಿಂದ, ಅಮೆರಿಕ ಖಂಡದಿಂದ ಬಂದದ್ದೇ. ನದಿ ಇದೆಯಲ್ಲ ಅಂತೀರಾ? ಇದೆ, ಆದರೆ ಪೆಕೋಸ್ ನೀರು ಉಪ್ಪು. ಕುಡಿಯೋಕೆ ಆಗಲ್ಲ. ಮೆಂಟೋನ್‌ನವರು ಎಷ್ಟೋ ದಶಕ ಕುಡಿಯುವ ನೀರನ್ನು ಹೊರಗಿನಿಂದ ಲಾರಿಯಲ್ಲಿ ತರಿಸಿಕೊಂಡು ಬದುಕಿದ್ದಾರೆ.

ಹೆಸರಲ್ಲಿ 'ಲವಿಂಗ್' ಇದೆ ಅಂತ ಪ್ರೀತಿ ಪ್ರೇಮ ಅಂದುಕೊಳ್ಳಬೇಡಿ. ಆಲಿವರ್ ಲವಿಂಗ್ ಅಂತ ಒಬ್ಬ ದನದ ವ್ಯಾಪಾರಿ ಇದ್ದ. 1866ರಲ್ಲಿ ಅವನೂ ಚಾರ್ಲ್ಸ್ ಗುಡ್‌ನೈಟ್ ಅನ್ನುವವನೂ ಸೇರಿ ಸುಮಾರು ಎರಡು ಸಾವಿರ ದನಗಳನ್ನು ಟೆಕ್ಸಾಸ್‌ನಿಂದ ಪೆಕೋಸ್ ದಂಡೆ ಹಿಡಿದು ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಅನ್ನುವ ಸೇನೆಯ ಕೋಟೆಯವರೆಗೆ ಹೊಡೆದುಕೊಂಡು ಹೋದರು. ಅಲ್ಲಿ ಸರ್ಕಾರ ಸಾವಿರಾರು ನವಾಹೋ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ತಂದು ಕೂಡಿಹಾಕಿತ್ತು, ಅಷ್ಟು ಜನಕ್ಕೆ ಮಾಂಸ ಬೇಕಿತ್ತು, ಒಳ್ಳೆ ಬೆಲೆ ಸಿಕ್ಕಿತು. ಮರುವರ್ಷ ಲವಿಂಗ್ ದನದ ಹಿಂಡಿಗಿಂತ ಮುಂದೆ, ಜೊತೆಗೆ ಒಬ್ಬನನ್ನೇ ಕರೆದುಕೊಂಡು ಹೊರಟ. ಪೆಕೋಸ್ ಹತ್ತಿರ ಕೊಮಾಂಚಿ ಅನ್ನುವ ಇನ್ನೊಂದು ಮೂಲನಿವಾಸಿ ಪಂಗಡದವರು ಮುತ್ತಿದರು. ಗಾಯಗೊಂಡವನು ಹೇಗೋ ಫೋರ್ಟ್ ಸಮ್ನರ್ ಮುಟ್ಟಿದ, ಆದರೆ ಗಾಯ ಕೊಳೆತು 1867ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಗುಡ್‌ನೈಟ್ ಅವನ ಹೆಣವನ್ನು ಟೆಕ್ಸಾಸ್‌ನ ವೆದರ್‌ಫರ್ಡ್‌ವರೆಗೆ ಸಾಗಿಸಿಕೊಂಡು ಬಂದು ಮಣ್ಣು ಮಾಡಿಸಿದ. ಕೌಂಟಿಗೆ ಹೆಸರು ಬಂದದ್ದು ಇವನಿಂದ. ಅವನು ಈ ನೆಲದಲ್ಲಿ ಮನೆ ಕಟ್ಟಿದವನಲ್ಲ, ಇದರ ಮೇಲೆ ದನ ಹೊಡೆದುಕೊಂಡು ಹೋದವನು ಅಷ್ಟೇ.

ಈಗ ಮೋಸದ ಕಥೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

1887ರಲ್ಲಿ ಟೆಕ್ಸಾಸ್ ಸರ್ಕಾರ ಟಾಮ್ ಗ್ರೀನ್ ಅನ್ನುವ ದೊಡ್ಡ ಕೌಂಟಿಯನ್ನು ಒಡೆದು ಲವಿಂಗ್ ಸೇರಿದಂತೆ ಒಂದಷ್ಟು ಹೊಸ ಕೌಂಟಿಗಳನ್ನು ಮಾಡಿತು. ಮಾಡಿದ್ದು ಅಂದರೆ ನಕ್ಷೆಯ ಮೇಲೆ ಗೆರೆ ಎಳೆದದ್ದು ಅಷ್ಟೇ, ಆಡಳಿತ ಶುರುವಾಗಬೇಕಾದರೆ ಅಲ್ಲಿನ ಮತದಾರರು ಅರ್ಜಿ ಹಾಕಿಕೊಳ್ಳಬೇಕಿತ್ತು. 1890ರ ಜನಗಣತಿಯಲ್ಲಿ ಈ ಕೌಂಟಿಯಲ್ಲಿ ಸಿಕ್ಕವರು ಎಷ್ಟು ಜನ ಗೊತ್ತಾ? ಮೂರು. ಮೂವರೇ. ಅದಾದ ಮೂರು ವರ್ಷಕ್ಕೆ, 1893ರಲ್ಲಿ, ಹೊರಗಿನಿಂದ ಒಂದು ಕಾಲುವೆ ಕಂಪನಿಯವರು ಬಂದರು. ಪೆಕೋಸ್ ನೀರು ಹರಿಸಿ ನೀರಾವರಿ ಮಾಡ್ತೀವಿ ಅಂದರು. ನೋಡನೋಡುತ್ತ 150 ಮತದಾರರ ಸಹಿ ಇರುವ ಅರ್ಜಿ ತಯಾರಾಯಿತು! ಆ ಜುಲೈನಲ್ಲಿ ಚುನಾವಣೆಯೂ ನಡೆಯಿತು, 83 ಓಟು ಬಿತ್ತು ಅಂತ ವರದಿ ಕೊಟ್ಟರು. ಅಷ್ಟು ಜನ ಎಲ್ಲಿಂದ ಉದುರಿದರು ಅಂತ ಆಗ ಯಾರೂ ಕೇಳಲಿಲ್ಲ. ಅಂತೂ ಕೌಂಟಿ ನಡೆಯೋಕೆ ಶುರುವಾಯಿತು, ಅಂದರೆ ತೆರಿಗೆ ಎತ್ತುವ, ಸಾಲ ಎತ್ತುವ ಅಧಿಕಾರ ಕೈಗೆ ಬಂತು.

ಅದೇ ವರ್ಷ ಪೆಕೋಸ್ ಉಕ್ಕಿ ಹರಿದು ಕಾಲುವೆ ಕೆಲಸವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮುಂದಿನ ವರ್ಷದಿಂದ ಅನುಮಾನ ಶುರು. ಸಹಿ ಯಾರದು, ದುಡ್ಡು ಎಲ್ಲಿ ಅಂತ ಕೇಳುವ ಹೊತ್ತಿಗೆ ಊರಲ್ಲಿ ಉತ್ತರ ಹೇಳುವವರೇ ಇರಲಿಲ್ಲ. ಕೊನೆಗೆ 1897ರಲ್ಲಿ ರಾಜ್ಯದ ಶಾಸನಸಭೆ ಬೇಸತ್ತು ಕೌಂಟಿಯ ಆಡಳಿತವನ್ನೇ ರದ್ದು ಮಾಡಿ ರೀವ್ಸ್‌ಗೆ ಅಂಟಿಸಿಬಿಟ್ಟಿತು. ನೀವು ಕೇಳಿದ್ದು ಇದನ್ನೇ, ಅಲ್ವಾ? 1897ರಿಂದ 1931ರವರೆಗೆ ಹಾಗೇ ಇತ್ತು. 1931ರಲ್ಲಿ ಎರಡನೇ ಸಲ ಆಡಳಿತ ಶುರು ಮಾಡಿದರು. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ ಎರಡು ಸಲ ಹುಟ್ಟಿದ್ದು ಇದೊಂದೇ.

ಈ ನಡುವೆ ಸುಮ್ನೆ ಖಾಲಿ ಬಿದ್ದಿರಲಿಲ್ಲ. 1910ರ ಹೊತ್ತಿಗೆ ಜಮೀನಿನ ಆಸೆಗೆ ಬಂದವರೆಲ್ಲ ಸೇರಿ ಜನಸಂಖ್ಯೆ 249 ಆಗಿತ್ತು. ಪೋರ್ಟರ್‌ವಿಲ್ ಅಂತ ಒಂದು ಊರೂ ಎದ್ದಿತ್ತು. ಆದರೆ ಮಳೆ ನಂಬಿ ಬದುಕುವ ನೆಲವೇ ಅದು? 1920ಕ್ಕೆ ಉಳಿದವರು 82. ಪೋರ್ಟರ್‌ವಿಲ್ ಈಗ ಇಲ್ಲ, ಆದರೆ ಅಲ್ಲಿದ್ದ ಚಿಕ್ಕ ಚರ್ಚ್ ಇದೆ. ಕಟ್ಟಡವನ್ನೇ ಎತ್ತಿ ಮೆಂಟೋನ್‌ಗೆ ತಂದು ಇಟ್ಟರು. ಇಡೀ ಕೌಂಟಿಯಲ್ಲಿ ಅತಿ ಹಳೆಯ ಕಟ್ಟಡ ಅದು, ಹಳೆಯದು ಅಂದರೂ 1910ರದು.

ಮತ್ತೆ ಕೌಂಟಿ ಯಾಕೆ ಬೇಕಾಯಿತು? ಎಣ್ಣೆ. 1920ರ ದಶಕದಲ್ಲಿ ಇಲ್ಲಿ ಎಣ್ಣೆ ಸಿಕ್ಕಿತು. ಈ ಇಡೀ ಪ್ರದೇಶ 25 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳವಾಗಿತ್ತು. ನದಿ ನೀರಿನ ಉಪ್ಪಿಗೂ ನೆಲದಡಿಯ ಎಣ್ಣೆಗೂ ಬೇರು ಆ ಸಮುದ್ರದಲ್ಲೇ ಇದೆ. ಪರ್ಮಿಯನ್ ಬೇಸಿನ್ ಅನ್ನುವ ಎಣ್ಣೆ ಪ್ರದೇಶದ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ, ಅದರ ಪಶ್ಚಿಮ ಭಾಗ ಡೆಲವೇರ್ ಬೇಸಿನ್, ಲವಿಂಗ್ ಅದರ ಮೇಲೇ ಕೂತಿದೆ. 1933ರಲ್ಲಿ ಎಣ್ಣೆ ಕೆಲಸಕ್ಕೆ ಬಂದವರಿಂದ ಜನಸಂಖ್ಯೆ 600ರಷ್ಟಾಯಿತು. ಅದೇ ಗರಿಷ್ಠ. ಆಮೇಲೆ ಇಳಿಮುಖವೇ: 1940ರಲ್ಲಿ 285, 1970ರಲ್ಲಿ 164, 2000ದಲ್ಲಿ 67. ನಡುವೆ 1990ರಲ್ಲಿ, 2010ರಲ್ಲಿ ಸ್ವಲ್ಪ ಏರಿದ್ದು ಬಿಟ್ಟರೆ ಕಥೆ ಅಷ್ಟೇ. 1972ರಲ್ಲಿ ಶಾಲೆಯೂ ಮುಚ್ಚಿತು. ಮಕ್ಕಳು ಬಸ್ ಹತ್ತಿ ಪಕ್ಕದ ಕೌಂಟಿಯ ವಿಂಕ್ ಅನ್ನುವ ಊರಿಗೆ ಹೋಗಬೇಕು. ಆಸ್ಪತ್ರೆಗೂ ಹೊರಗೇ ಹೋಗಬೇಕು.

ಆದರೆ ಕೆಲಸಗಾರರು ಹೋದರೂ ಬಾವಿಗಳು ಹೋಗಲಿಲ್ಲವಲ್ಲ. ಟೆಕ್ಸಾಸ್‌ನಲ್ಲಿ ನೆಲದಡಿಯ ಎಣ್ಣೆ, ಗ್ಯಾಸಿನ ಬೆಲೆಯನ್ನೂ ಆಸ್ತಿ ಅಂತ ಲೆಕ್ಕ ಹಾಕಿ ಕೌಂಟಿ ತೆರಿಗೆ ಹಾಕುತ್ತದೆ. ಅಡ್ಡಡ್ಡ ಕೊರೆದು ಬಂಡೆ ಒಡೆದು ಎಣ್ಣೆ ತೆಗೆಯುವ ವಿದ್ಯೆ ಬಂದ ಮೇಲೆ, ಹೆಚ್ಚುಕಮ್ಮಿ 2010ರಿಂದ ಈಚೆಗೆ, ಲವಿಂಗ್ ಕೌಂಟಿ ಟೆಕ್ಸಾಸ್‌ನಲ್ಲೇ ಜಾಸ್ತಿ ಎಣ್ಣೆ ಕೊಡುವ ಕೌಂಟಿಗಳ ಸಾಲಿಗೆ ಬಂದಿದೆ. ಅಲ್ಲಿ ತೆರಿಗೆಗೆ ಸಿಗುವ ಆಸ್ತಿಯ ಬೆಲೆ ಬಿಲಿಯನ್‌ಗಟ್ಟಲೆ ಡಾಲರ್. ಖರ್ಚು ಮಾಡಬೇಕಾದ ಜನ ಎಷ್ಟು? 64. ಈಗ ನೀವೇ ಹೇಳಿ, ಆ 64 ಜನರಲ್ಲಿ ಯಾರಾದರೂ ಎದ್ದು ನಿಂತು "ನಮ್ಮನ್ನು ಪಕ್ಕದ ಕೌಂಟಿಗೆ ಸೇರಿಸಿ" ಅಂತಾರಾ? ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದು. ಜನಕ್ಕಾಗಿ ಕೌಂಟಿ ಅಂತ ನಾವು ಅಂದುಕೊಳ್ಳುತ್ತೇವೆ, ಇಲ್ಲಿ ಎರಡು ಸಲವೂ ಕೌಂಟಿ ಆಗಿದ್ದು ಜನಕ್ಕಾಗಿ ಅಲ್ಲ. ಮೊದಲ ಸಲ ಇಲ್ಲದ ನೀರಿಗಾಗಿ, ಎರಡನೇ ಸಲ ಇರುವ ಎಣ್ಣೆಗಾಗಿ.

ಪುರುಸೊತ್ತಿದ್ದಾಗ ಉಪಗ್ರಹ ನಕ್ಷೆ ತೆರೆದು ಮೆಂಟೋನ್ ಹುಡುಕಿ. ಊರು ಕಾಣಬೇಕಾದರೆ ತುಂಬಾ ಹತ್ತಿರ ಹೋಗಬೇಕು. ದೂರದಿಂದ ಕಾಣುವುದು ಕಂದು ನೆಲದ ತುಂಬ ಬಿಳಿ ಬಿಳಿ ಚೌಕಗಳು, ಒಂದರಿಂದ ಒಂದಕ್ಕೆ ಬಿಳಿ ಗೆರೆಗಳು, ಬೆಳಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆದ ಹಾಗೆ. ಚೌಕ ಅಂದರೆ ಎಣ್ಣೆ ಬಾವಿಯ ಜಾಗ, ಗೆರೆ ಅಂದರೆ ಸುಣ್ಣದ ಮಣ್ಣಿನ ರಸ್ತೆ. ಊರಿನ ಮಧ್ಯೆ ಹಾದುಹೋಗುವ 302ನೇ ನಂಬರಿನ ಹೆದ್ದಾರಿಯಲ್ಲಿ ಟ್ಯಾಂಕರ್‌ಗಳು ಓಡಾಡುತ್ತವೆ. ಟ್ಯಾಂಕರ್‌ನಲ್ಲಿ ಎಣ್ಣೆಯೇ ಇರುತ್ತದೆ ಅಂತಲ್ಲ. ಆ ಕಡೆ ಒಂದು ಪೀಪಾಯಿ ಎಣ್ಣೆ ತೆಗೆದರೆ ಅದರ ಜೊತೆ ಮೂರು ನಾಲ್ಕು ಪೀಪಾಯಿ ಉಪ್ಪುನೀರು ಮೇಲೆ ಬರುತ್ತದೆ, ಅದನ್ನು ಪೈಪಲ್ಲೋ ಲಾರಿಯಲ್ಲೋ ಸಾಗಿಸಿ ಬಹುಪಾಲು ಮತ್ತೆ ನೆಲಕ್ಕೇ ಇಳಿಸಬೇಕು. ಕುಡಿಯುವ ನೀರನ್ನು ಲಾರಿಯಲ್ಲಿ ತರಿಸಿಕೊಂಡ ಊರಿನ ಸುತ್ತ ಕುಡಿಯಲಾಗದ ನೀರು ಲಾರಿಗಟ್ಟಲೆ.

ಇಷ್ಟು ಲಾರಿ, ಇಷ್ಟು ಕೆಲಸ ಇದ್ದ ಮೇಲೆ ಜನ ಬರೀ 64 ಹೇಗೆ ಅಂತ ಕೇಳಬಹುದು. ಜನಗಣತಿಯಲ್ಲಿ ಎಣಿಸುವುದು ನೀವು ವರ್ಷದ ಬಹುಪಾಲು ಎಲ್ಲಿ ವಾಸ ಮಾಡ್ತೀರೋ ಅಲ್ಲಿ. ಎರಡು ವಾರ ಕ್ಯಾಂಪಿನಲ್ಲಿ ಮಲಗಿ ದುಡಿದು ಮನೆಗೆ ಹೋಗುವ ಕೆಲಸಗಾರ ಅವನ ಊರಿನ ಲೆಕ್ಕಕ್ಕೆ ಸೇರುತ್ತಾನೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2020ರಲ್ಲಿ ಜನಗಣತಿ ಇಲಾಖೆ, ಯಾರ ಗುಟ್ಟೂ ಹೊರಬೀಳಬಾರದು ಅಂತ, ರಾಜ್ಯಗಳ ಒಟ್ಟು ಸಂಖ್ಯೆ ಬಿಟ್ಟು ಅದಕ್ಕಿಂತ ಕೆಳಗಿನ ಜನಸಂಖ್ಯೆಗಳಿಗೆಲ್ಲ ಬೇಕಂತಲೇ ಚೂರು ಏರುಪೇರು ಬೆರೆಸಿತು. ಲಾಸ್ ಏಂಜಲೀಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಲವಿಂಗ್‌ನಲ್ಲಿ ಒಂದಿಬ್ಬರ ವ್ಯತ್ಯಾಸ ಅಂದರೂ ಅದು ಅರ್ಧ ಸಂಸಾರ! ಹಾಗಾಗಿ 64 ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಿದ್ದು ಅಂತ ತಿಳಿಯಬೇಡಿ.

ಇಷ್ಟು ಸಣ್ಣ ಜಾಗಕ್ಕೂ ಒಂದು ಒಳ್ಳೆ ದಾಖಲೆ ಇದೆ. ಟೆಕ್ಸಾಸ್‌ನಲ್ಲಿ ಚುನಾವಣೆ ಗೆದ್ದು ಶೆರಿಫ್ ಆದ ಮೊದಲ ಹೆಂಗಸು ಇಲ್ಲಿಯವರು, ಎಡ್ನಾ ರೀಡ್ ಕ್ಲೇಟನ್ ಡ್ಯೂಯೀಸ್. 1945ರಲ್ಲಿ ಆ ಕೆಲಸಕ್ಕೆ ಬಂದರು. ಬಂದೂಕು ಇಟ್ಟುಕೊಳ್ಳುತ್ತಲೇ ಇರಲಿಲ್ಲವಂತೆ, ಅವರ ಕಾಲದಲ್ಲಿ ಬಂಧಿಸಿದ್ದು ಬರೀ ಇಬ್ಬರನ್ನಂತೆ.

ಇನ್ನು ಓಟಿನ ವಿಷಯ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಲವಿಂಗ್ ಕೌಂಟಿಯಲ್ಲಿ ಬಿದ್ದ ಓಟು 66. ಟ್ರಂಪ್‌ಗೆ 60, ಬೈಡನ್‌ಗೆ 4, ಉಳಿದದ್ದು ಬೇರೆಯವರಿಗೆ. ಮಕ್ಕಳೂ ಸೇರಿ ಜನ 64, ಓಟು 66! ಇದು 1893ರ ಥರದ್ದೇ ಅಂತ ತಕ್ಷಣ ಅನ್ನಬೇಡಿ. ಕೆಲಸಕ್ಕೋ ಓದಿಗೋ ಹೊರಗಿದ್ದವರು, ನಾಳೆ ವಾಪಸ್ ಬರುವುದು ನಮ್ಮ ಊರಿಗೇ ಅನ್ನುವವರು, ಅಲ್ಲೇ ಹೆಸರು ಉಳಿಸಿಕೊಂಡು ಓಟು ಹಾಕುವುದಕ್ಕೆ ಟೆಕ್ಸಾಸ್ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಯಾರು ನಿಜಕ್ಕೂ ವಾಪಸ್ ಬರುವವರು, ಯಾರು ಓಟಿಗೆ ಮಾತ್ರ ಬರುವವರು ಅನ್ನುವ ಜಗಳ ಅಲ್ಲಿ ಮುಗಿದಿಲ್ಲ. ಹತ್ತು ಓಟಿನಲ್ಲಿ ಕಮಿಷನರ್ ಬದಲಾಗುವ ಜಾಗ, ಮುಗಿಯುವುದಾದರೂ ಹೇಗೆ?