800 ಕ್ಯಾಲರಿ ಪಥ್ಯ: ವಾರ್ಡಿನಿಂದ ವಾಟ್ಸ್‌ಆ್ಯಪ್‌ವರೆಗೆ

ಅಡಿಕೆ ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ಕಡೆ ‘ತಿಂಗಳಿಗೆ ಹತ್ತು ಕೆಜಿ’ ಇಳಿಸುವ ಡಯಟ್ ಚಾರ್ಟ್‌ಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತವೆ. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಪುಡಿ ಕದಡಿದ ಶೇಕ್, ರಾತ್ರಿ ಸೌತೆಕಾಯಿ. ಎಲ್ಲ ಕೂಡಿಸಿದರೂ 500 ಕ್ಯಾಲರಿ ದಾಟುವುದು ಕಷ್ಟ. ದಿನಕ್ಕೆ 800 ಕ್ಯಾಲರಿಯೋ ಅದಕ್ಕಿಂತ ಕಡಿಮೆಯೋ ಇದ್ದರೆ ವೈದ್ಯರು ಅದನ್ನು ‘ಅತಿ ಕಡಿಮೆ ಕ್ಯಾಲರಿ ಪಥ್ಯ’ ಎನ್ನುತ್ತಾರೆ. ಆ 800 ಎಂದರೆ ಕಾಲು ಕೆಜಿಗೂ ಕಮ್ಮಿ ಅಕ್ಕಿ. ಎರಡು ಅಕ್ಕಿ ರೊಟ್ಟಿ, ಮೇಲೊಂದಿಷ್ಟು ಎಣ್ಣೆ, ಕಾಯಿ ಚಟ್ನಿ ಎಂದಾದರೆ ತಿಂಡಿಗೇ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು.

ಈ ಪಥ್ಯ ಹುಟ್ಟಿದ್ದು ಆಸ್ಪತ್ರೆಯಲ್ಲಿ. 1960ರ ಆಸುಪಾಸಿನಲ್ಲಿ ಅಮೆರಿಕ, ಬ್ರಿಟನ್‌ನ ವೈದ್ಯರು ವಿಪರೀತ ತೂಕದವರನ್ನು ವಾರ್ಡಿನಲ್ಲಿಟ್ಟು ಪೂರ್ತಿ ಉಪವಾಸ ಮಾಡಿಸಿ ನೋಡಿದರು. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ 1965–66ರಲ್ಲಿ 382 ದಿನ ಊಟವಿಲ್ಲದೆ ಕಳೆದ. ವೈದ್ಯರು ಅವನ ರಕ್ತ ಪರೀಕ್ಷಿಸುತ್ತಾ ವಿಟಮಿನ್, ಪೊಟ್ಯಾಸಿಯಂ ಕೊಡುತ್ತಿದ್ದರು. ಹೀಗೆ ಉಪವಾಸವಿದ್ದ ಎಲ್ಲರೂ ಬದುಕಿ ಬರಲಿಲ್ಲ. ಕರಗಿದ್ದು ಕೊಬ್ಬು ಮಾತ್ರವಲ್ಲ, ಸ್ನಾಯು ಕೂಡ. ಹೃದಯವೂ ಸ್ನಾಯುವೇ.

ಹಾಗಾದರೆ ಪ್ರೋಟೀನ್ ಕೊಟ್ಟರಾಯಿತಲ್ಲ ಎಂಬ ಯೋಚನೆ ಬಂತು. ಯೋಚನೆ ಸರಿಯೇ ಇತ್ತು, ಅಂಗಡಿಗೆ ಬಂದ ಸರಕು ಸರಿಯಿರಲಿಲ್ಲ. 1976ರ ನಂತರ ಅಮೆರಿಕದಲ್ಲಿ ‘ದ್ರವ ಪ್ರೋಟೀನ್’ ಬಾಟಲಿಗಳು ಭರ್ಜರಿಯಾಗಿ ಮಾರಾಟವಾದವು. ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳನ್ನು ಕರಗಿಸಿ ತೆಗೆದ ಕೊಲಾಜನ್ ಅದು. ದೇಹಕ್ಕೆ ಬೇಕೇ ಬೇಕಾದ, ಪ್ರೋಟೀನಿನ ಒಂದು ಘಟಕವಾದ ಟ್ರಿಪ್ಟೊಫ್ಯಾನ್ ಅದರಲ್ಲಿ ಇಲ್ಲ. ಒಂದೆರಡು ವರ್ಷದೊಳಗೆ ಸುಮಾರು 60 ಸಾವುಗಳು ವರದಿಯಾದವು. ಕೆಲವರು ಹೃದಯದ ಲಯ ತಪ್ಪಿ ಇದ್ದಕ್ಕಿದ್ದಂತೆ ಸತ್ತಿದ್ದರು. ಆಮೇಲೆ ಬಾಟಲಿಯ ಮೇಲೆ ಎಚ್ಚರಿಕೆ ಬಂತು, ಒಳ್ಳೆಯ ಪ್ರೋಟೀನ್, ಖನಿಜ ಸೇರಿಸಿದ ಪುಡಿಗಳು ಬಂದವು.

‘ನಮ್ಮಜ್ಜಿ ಏಕಾದಶಿ ಮಾಡ್ತಿರಲಿಲ್ವಾ?’ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಮಾಡುತ್ತಿದ್ದರು, ಮರುದಿನ ಬೆಳಿಗ್ಗೆಯೇ ದ್ವಾದಶಿ ಪಾರಣೆಯೂ ಆಗುತ್ತಿತ್ತು. ಒಂದು ದಿನದ ಕೊರತೆಯನ್ನು ಆರೋಗ್ಯವಂತ ದೇಹ ತನ್ನ ದಾಸ್ತಾನಿನಿಂದಲೇ ತೂಗಿಸುತ್ತದೆ. ಮೊದಲ ವಾರ ತೂಕದ ಯಂತ್ರ ತೋರಿಸುವ ಇಳಿಕೆಯ ಗುಟ್ಟೂ ಆ ದಾಸ್ತಾನಿನಲ್ಲೇ ಇದೆ: ಯಕೃತ್ತು, ಸ್ನಾಯುಗಳಲ್ಲಿ ಅರ್ಧ ಕೆಜಿಯಷ್ಟು ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಇರುತ್ತದೆ, ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಂಡು. ಅದು ಖಾಲಿಯಾದಾಗ ಹೋಗುವುದರಲ್ಲಿ ಹೆಚ್ಚಿನ ಪಾಲು ನೀರು. ಚಾರ್ಟ್ ಮಾರುವವರಿಗೆ ಈ ಮೊದಲ ವಾರವೇ ಜಾಹೀರಾತು.

ವಾರಗಟ್ಟಲೆ ಎಳೆದರೆ ತೊಂದರೆಗಳು ಬೇರೆ. ಕೂದಲುದುರುವುದು, ಮುಟ್ಟು ಏರುಪೇರಾಗುವುದು ಎಲ್ಲರಿಗೂ ಗೊತ್ತಿರುವಂಥದ್ದೇ. ಪಿತ್ತಕೋಶದ ಕಲ್ಲಿನ ಮಾತು ಯಾರೂ ಎತ್ತುವುದಿಲ್ಲ. ತೂಕ ಸರಸರನೆ ಇಳಿಯುವಾಗ ಪಿತ್ತದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ. ಊಟದಲ್ಲಿ ಜಿಡ್ಡೇ ಇಲ್ಲದಾಗ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳದೆ ಪಿತ್ತ ಅಲ್ಲೇ ನಿಂತು ಕಲ್ಲಾಗುತ್ತದೆ. ಮದುವೆಯ ದಿನ ತುಪ್ಪ ಸುರಿದ ಹೋಳಿಗೆ ತಿಂದಾಗ ಆ ಪಿತ್ತಕೋಶ ಒಮ್ಮೆಲೇ ಹಿಂಡುತ್ತದೆ, ಬಲ ಪಕ್ಕೆಯ ಕೆಳಗೆ ನೋವು ಕಿತ್ತುಕೊಂಡು ಬರುತ್ತದೆ.

ಇಷ್ಟಾದರೂ 800ರ ಆಸುಪಾಸಿನ ಪಥ್ಯವನ್ನು ವೈದ್ಯಲೋಕ ಕೈಬಿಟ್ಟಿಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825–853 ಕ್ಯಾಲರಿಯ ಸೂಪ್, ಶೇಕ್ ಕೊಟ್ಟರು. ವರ್ಷ ಕಳೆದಾಗ ಅವರಲ್ಲಿ 46%, ಎರಡನೇ ವರ್ಷದ ಕೊನೆಗೆ 36% ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಸುದ್ದಿಯಾಗಿ ನಮ್ಮವರೆಗೆ ಬಂದಿದ್ದು ಇಷ್ಟು. ಪಥ್ಯ ಶುರುವಾದ ದಿನವೇ ಸಕ್ಕರೆ, ಬಿಪಿ ಮಾತ್ರೆಗಳನ್ನು ನಿಲ್ಲಿಸಿದ್ದರು, ಬೇಕಾದರೆ ಮತ್ತೆ ಕೊಡಲು ತಪಾಸಣೆ ನಡೆಯುತ್ತಿತ್ತು, ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಯೇ ಇರಲಿಲ್ಲ ಎಂಬುದು ಬರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತೂಕ ಇಳಿಸುವ ಊಟ 1000 ಕ್ಯಾಲರಿಗಿಂತ ಕೆಳಗಿಳಿಯಬಾರದು, ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು ಎನ್ನುತ್ತದೆ. ಫಾರ್ವರ್ಡ್ ಆದ ಚಾರ್ಟ್‌ಗಳಂತೂ ನೀವು ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳುವುದಿಲ್ಲ. ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು, ಬೆವರಿ, ಪ್ರಜ್ಞೆ ತಪ್ಪಬಹುದು. ಹೊಸನಗರ, ತೀರ್ಥಹಳ್ಳಿಯ ಒಳಗಿನ ಒಂಟಿಮನೆಗಳಿಂದ ರಾತ್ರಿ ಹೊತ್ತು ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಆ ಕಡೆಯವರಿಗೆ ಹೇಳಬೇಕಿಲ್ಲ.