ಅಟೆನ್‌ಬರೋ ಎಂಬ ಅಡ್ಡಹೆಸರು ಬಂದದ್ದೆಲ್ಲಿಂದ? ಭಾಷಾ ಚರಿತ್ರೆ ಪೇಪರಿನ ನನ್ನ ಟಿಪ್ಪಣಿ

ಇಂಗ್ಲಿಷ್ ಭಾಷಾ ಚರಿತ್ರೆಯ ಪೇಪರಿನಲ್ಲಿ ಹೆಸರುಗಳ ಅಧ್ಯಯನ ಒಂದು ಘಟಕ. ಅಪರೂಪದ ಒಂದು ಇಂಗ್ಲಿಷ್ ಅಡ್ಡಹೆಸರನ್ನು ಆರಿಸಿಕೊಂಡು ಅದು ಹುಟ್ಟಿದ ಬಗೆ, ಹರಡಿದ ಬಗೆ ಎರಡನ್ನೂ ಬರೆಯಬೇಕು. ನಾನು ಅಟೆನ್‌ಬರೋ ತೆಗೆದುಕೊಂಡೆ. 1982ರ 'ಗಾಂಧಿ' ಚಿತ್ರದ ನಿರ್ದೇಶಕ ರಿಚರ್ಡ್ ಅಟೆನ್‌ಬರೋ, ಕಾಡುಪ್ರಾಣಿಗಳ ಸಾಕ್ಷ್ಯಚಿತ್ರಗಳಿಂದ ನಮ್ಮ ಮನೆಮನೆಗೂ ಗೊತ್ತಿರುವ ಡೇವಿಡ್ ಅಟೆನ್‌ಬರೋ, ಇಬ್ಬರೂ ಅಣ್ಣತಮ್ಮಂದಿರು. ಇಷ್ಟು ಪರಿಚಿತವಾದ ಹೆಸರು ಅಪರೂಪದ್ದು ಹೇಗಾದೀತು ಎಂದು ಮೊದಲು ಅನ್ನಿಸಿತ್ತು. ನಮ್ಮ ಕಿವಿಗೆ ಬಿದ್ದದ್ದು ಒಂದು ಮನೆಯವರ ಹೆಸರು, ಅಷ್ಟೆ. ಇಂಗ್ಲೆಂಡಿನ ಜನಸಂಖ್ಯೆಯಲ್ಲಿ ಸ್ಮಿತ್, ಜೋನ್ಸ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಬೆರಳೆಣಿಕೆಯ ಮನೆಗಳ ಹೆಸರು.

ಇಂಗ್ಲಿಷ್ ಅಡ್ಡಹೆಸರುಗಳಲ್ಲಿ ನಾಲ್ಕು ಬಗೆ: ಊರು ಅಥವಾ ಜಾಗದಿಂದ ಬಂದವು, ಕಸುಬಿನಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಗುಣ ಅಥವಾ ಮೈಚಹರೆಯಿಂದ ಬಂದವು. ಇದು ಎಲ್ಲ ಪಠ್ಯದಲ್ಲೂ ಇದೆ, ಇಲ್ಲಿ ಬೆಳೆಸುವುದಿಲ್ಲ. ಅಟೆನ್‌ಬರೋ ಮೊದಲನೇ ಬಗೆಗೆ ಸೇರಿದ್ದು. ನಾನು ಮೂರು ದಿನ ಸಿಕ್ಕಿಹಾಕಿಕೊಂಡದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಈ ಮೊದಲನೇ ಬಗೆಯಲ್ಲೇ ಎರಡು ಒಳಬಗೆ ಇವೆ. ಒಂದು, ನಿಜವಾದ ಊರಿನ ಹೆಸರು. ಇನ್ನೊಂದು, 'ಬೇವಿನ ಮರದ ಹತ್ತಿರದವನು', 'ಕೆರೆ ಪಕ್ಕದವನು' ಎಂಬಂತೆ ಮನೆ ಇದ್ದ ಜಾಗದ ಗುರುತು. ಅಟೆನ್‌ಬರೋ ಇವೆರಡರಲ್ಲಿ ಯಾವುದು?

ಅಟೆನ್ ಎಂಬ ಬಲೆ

ಮಧ್ಯಕಾಲದ ಇಂಗ್ಲಿಷಿನಲ್ಲಿ 'ಅಟೆನ್' ಎಂದರೆ 'ಅಲ್ಲಿ ಇರುವ' ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. 'ಬರೋ' ಎಂದರೆ ಕೋಟೆ. ಹಾಗಾದರೆ ಅಟೆನ್‌ಬರೋ ಎಂದರೆ 'ಕೋಟೆ ಬಳಿಯವನು', ಮುಗಿಯಿತು ಎಂದುಕೊಂಡೆ. ಅಡ್ಡಹೆಸರಿನ ನಿಘಂಟುಗಳಲ್ಲೂ ಈ ಅರ್ಥಕ್ಕೆ ಜಾಗ ಕೊಟ್ಟದ್ದುಂಟು. ಆದರೂ ಇದು ಯಾಕೆ ಕೂಡಿಬರುವುದಿಲ್ಲ ಎಂಬುದನ್ನು ನಿಧಾನವಾಗಿ ಬಿಡಿಸುತ್ತೇನೆ. ಈ ಒಂದು ಗಂಟು ಬಿಚ್ಚಿದರೆ ಇನ್ನೂ ಹತ್ತಾರು ಹೆಸರುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಹಳೆಯ ಇಂಗ್ಲಿಷಿನಲ್ಲಿ ನಮ್ಮ ಕನ್ನಡದಂತೆಯೇ ವಿಭಕ್ತಿ ಇತ್ತು. 'ಆಟ್' ಎಂಬ ಪದ ಬಂದರೆ ಮುಂದಿನ ನಾಮಪದ ನಮ್ಮ ಚತುರ್ಥಿಗೆ ಹತ್ತಿರದ ಒಂದು ವಿಭಕ್ತಿಗೆ ಹೋಗಬೇಕು. ಅದರ ಹಿಂದಿನ 'ಆ' ಎಂಬ ಸೂಚಕ ಪದವೂ ಲಿಂಗಕ್ಕೆ ತಕ್ಕಂತೆ ರೂಪ ಬದಲಿಸಬೇಕು. ನಾಮಪದ ಪುಲ್ಲಿಂಗ ಅಥವಾ ನಪುಂಸಕವಾದರೆ ಬರುವ ರೂಪ ಮುಂದೆ ಸವೆದು 'ಅಟೆನ್' ಆಯಿತು. ಸ್ತ್ರೀಲಿಂಗವಾದರೆ ಬರುವ ರೂಪ ಸವೆದು 'ಅಟರ್' ಆಯಿತು. ಮರ, ನದಿ, ಕೋಟೆಗಳಿಗೂ ಅಲ್ಲಿ ಲಿಂಗವಿತ್ತು. ಕನ್ನಡದಲ್ಲಿ ಮರವೂ ನದಿಯೂ ನಪುಂಸಕವೇ ಆದ್ದರಿಂದ ಇದು ನಮಗೆ ಕೊಂಚ ವಿಚಿತ್ರವಾಗಿ ಕಾಣುತ್ತದೆ. ಸಂಸ್ಕೃತವನ್ನೋ ಹಿಂದಿಯನ್ನೋ ಕಲಿತವರಿಗೆ ಅಷ್ಟು ಕಷ್ಟವಾಗದು.

ಈಗ 'ಕೋಟೆ'ಯನ್ನು ನೋಡಿ. ಹಳೆಯ ಇಂಗ್ಲಿಷಿನ 'ಬುರ್ಹ್' ಸ್ತ್ರೀಲಿಂಗ. ಪ್ರಥಮಾ ವಿಭಕ್ತಿಯಲ್ಲಿ ಬುರ್ಹ್, 'ಆಟ್' ಮುಂದೆ ಬಂದಾಗ 'ಬ್ಯುರಿ'. ಬುರ್ಹ್ ಬೆಳೆದು ಬರೋ ಆಯಿತು, ಬ್ಯುರಿ ಬೆಳೆದು ಬರಿ ಆಯಿತು. ಪೀಟರ್‌ಬರೋದಲ್ಲಿರುವ ಬರೋ, ಕ್ಯಾಂಟರ್‌ಬರಿಯಲ್ಲಿರುವ ಬರಿ ಒಂದೇ ಪದದ ಎರಡು ವಿಭಕ್ತಿ ರೂಪಗಳು! ಇದನ್ನು ನಾನು ಗೋಡೆಗೆ ಬರೆದು ಅಂಟಿಸಿಕೊಂಡಿದ್ದೇನೆ. ಜನ ಒಂದು ಊರನ್ನು ಹೆಚ್ಚಾಗಿ 'ಅಲ್ಲಿ', 'ಅಲ್ಲಿಗೆ' ಎಂಬ ಅರ್ಥದಲ್ಲೇ ಬಳಸಿ ಬಳಸಿ, ಪ್ರತ್ಯಯ ಸಮೇತ ಗಟ್ಟಿಯಾದ ಹೆಸರುಗಳು ಇವು.

ಹಾಗಾದರೆ 'ಕೋಟೆ ಬಳಿಯವನು' ಎಂಬುದು ವ್ಯಾಕರಣಬದ್ಧವಾಗಿ ಹೇಗೆ ಬರಬೇಕಿತ್ತು? ಸ್ತ್ರೀಲಿಂಗ, ಆದ್ದರಿಂದ ಅಟರ್. ಜೊತೆಗೆ ವಿಭಕ್ತಿ ರೂಪ, ಆದ್ದರಿಂದ ಬರಿ. ಅಟರ್‌ಬರಿ. ಅಂಥ ಅಡ್ಡಹೆಸರು ನಿಜಕ್ಕೂ ಇದೆ. 18ನೇ ಶತಮಾನದಲ್ಲಿ ರಾಚೆಸ್ಟರಿನ ಬಿಷಪ್ ಆಗಿದ್ದ ಫ್ರಾನ್ಸಿಸ್ ಅಟರ್‌ಬರಿಯ ಹೆಸರನ್ನು ನಿಘಂಟುಗಳು ಹೀಗೆಯೇ ಬಿಡಿಸುತ್ತವೆ. ಅಟೆನ್‌ಬರೋದಲ್ಲಿ ಎರಡು ತುಂಡುಗಳೂ ತಪ್ಪು ರೂಪದಲ್ಲಿವೆ. ಅನುಮಾನ ಬರಬೇಕಾದದ್ದು ಇಲ್ಲಿ.

ಇಷ್ಟಕ್ಕೇ ತೀರ್ಪು ಕೊಟ್ಟುಬಿಡಬೇಡಿ, ನಾನು ಕೊಟ್ಟು ಒಂದು ದಿನ ಕಳೆದುಕೊಂಡೆ. ಮಧ್ಯಕಾಲದ ಹೊತ್ತಿಗೆ ಲಿಂಗವ್ಯವಸ್ಥೆ ಕುಸಿಯುತ್ತಿತ್ತು. 'ದ್ವೀಪ' ಎಂಬ ಅರ್ಥದ ಹಳೆಯ ಪದ (ಮುಂದೆ 'ಐ' ಎಂದು ಸವೆದದ್ದು) ಸ್ತ್ರೀಲಿಂಗ. ಸರಿಯಾಗಿ 'ಅಟರ್' ಸೇರಿ ಸಸೆಕ್ಸಿನ ರೈ ಎಂಬ ಊರು ಹುಟ್ಟಿತು. ಅದೇ ಪದಕ್ಕೆ 'ಅಟೆನ್' ಸೇರಿ ನೈ ಎಂಬ ಅಡ್ಡಹೆಸರೂ ಹುಟ್ಟಿತು. ಅಂದರೆ ಜನ ಲಿಂಗ ಮರೆತು 'ಅಟೆನ್' ಬಳಸಿದ್ದುಂಟು. ವ್ಯಾಕರಣ ಅನುಮಾನವನ್ನು ಹುಟ್ಟಿಸುತ್ತದೆಯೇ ಹೊರತು ಪರಿಹರಿಸುವುದಿಲ್ಲ.

ರೈ, ನೈ ಎಂದಾಗ ಆ 'ರ್', 'ನ್' ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ಮಾತು. 'ಅಟೆನ್ ಆಶ್' ಎಂದರೆ ಆಶ್ ಮರದ ಹತ್ತಿರ ಎಂದರ್ಥ. ಬೇಗ ಹೇಳಿದರೆ 'ಅಟೆ ನಾಶ್' ಎಂದು ಕೇಳಿಸುತ್ತದೆ. ಸಂಧಿಯನ್ನು ತಪ್ಪಾದ ಜಾಗದಲ್ಲಿ ಬಿಡಿಸಿದಂತೆ, 'ನ್' ಮುಂದಿನ ಪದಕ್ಕೆ ಅಂಟಿತು. ಅದೇ ನ್ಯಾಶ್ ಎಂಬ ಅಡ್ಡಹೆಸರು. ಓಕ್ ಮರದಿಂದ ನೋಕ್ಸ್ ಹೀಗೇ ಬಂದದ್ದು. 'ನಿಕ್‌ನೇಮ್' ಎಂಬ ಪದವೇ ಇದಕ್ಕೆ ಒಳ್ಳೆಯ ಉದಾಹರಣೆ: ಮೂಲ 'ಆನ್ ಈಕ್‌ನೇಮ್', 'ಈಕ್' ಎಂದರೆ ಹೆಚ್ಚಿನದು, ಜೊತೆಗೆ ಸೇರಿಸಿದ್ದು. ಅದನ್ನು 'ಅ ನೀಕ್‌ನೇಮ್' ಎಂದು ಒಡೆದರು. ಹೆಸರಿನ ಪಕ್ಕಕ್ಕೆ ಇಟ್ಟ ಇನ್ನೊಂದು ಹೆಸರು, ನಮ್ಮ 'ಅಡ್ಡಹೆಸರು' ಎಂಬ ಮಾತಿನ ಹತ್ತಿರದ ನೆಂಟ.

ಊರೇ ಇದೆಯಲ್ಲ

ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ದಡದಲ್ಲಿ ಅಟೆನ್‌ಬರೋ ಎಂಬ ಹಳ್ಳಿ ಇದೆ. ಸೇಂಟ್ ಮೇರಿ ಚರ್ಚು, ಸುತ್ತ ಜಲ್ಲಿಕಲ್ಲು ತೆಗೆದ ಗುಂಡಿಗಳಲ್ಲಿ ನೀರು ತುಂಬಿ ಆದ ಕೆರೆಗಳು. ಕ್ರಾಮ್‌ವೆಲ್‌ನ ಅಳಿಯ, ಸೇನಾನಿ ಹೆನ್ರಿ ಐರ್ಟನ್‌ಗೆ 1611ರಲ್ಲಿ ದೀಕ್ಷಾಸ್ನಾನವಾದದ್ದು ಈ ಊರಿನಲ್ಲಿ. ಊರಿನ ಹೆಸರಿನ 12ನೇ ಶತಮಾನದ ರೂಪದಲ್ಲಿ 'ಟಿ' ಅಕ್ಷರವಿಲ್ಲ, 'ಡಿ' ಇದೆ: ಅಡಿನ್‌ಬುರ್ಚ ಎಂಬಂತಹ ರೂಪ. ಸ್ಥಳನಾಮ ತಜ್ಞರು ಅದನ್ನು 'ಅಡ್ಡ ಅಥವಾ ಎಡ್ಡಿ ಎಂಬವನಿಗೆ ಸೇರಿದ ಕೋಟೆ' ಎಂದು ಬಿಡಿಸುತ್ತಾರೆ. ಅಡ್ಡ ಎಂಬುದು ಆಗಿನ ಆಂಗ್ಲೋ ಸ್ಯಾಕ್ಸನ್ ಗಂಡಸಿನ ಹೆಸರು. ಅಲ್ಲಿಗೆ 'ಅಟೆನ್' ವಿಭಕ್ತಿಯೂ ಅಲ್ಲ, 'ಅಲ್ಲಿ ಇರುವ' ಎಂಬುದೂ ಅಲ್ಲ. ಒಬ್ಬ ಮನುಷ್ಯನ ಹೆಸರು ನಾಲಿಗೆ ಮೇಲೆ ಉರುಳಿ ಉರುಳಿ ಆ ರೂಪ ತಾಳಿದೆ. ಒಂದು ಪದ ಈಗ ಹೇಗೆ ಕಾಣುತ್ತದೆ ಎಂದು ನೋಡಿ ಅರ್ಥ ಬಿಡಿಸಬಾರದು, ಸಿಕ್ಕಷ್ಟು ಹಳೆಯ ರೂಪಕ್ಕೆ ಹೋಗಬೇಕು.

ಊರಿನವರಿಗೆ ಊರ ಹೆಸರು ಅಡ್ಡಹೆಸರಾಗುವುದು ಸಾಮಾನ್ಯವಾಗಿ ಅವರು ಊರು ಬಿಟ್ಟ ಮೇಲೆ. ಊರೊಳಗೇ ಇದ್ದರೆ ಎಲ್ಲರೂ ಆ ಊರಿನವರೇ, ಗುರುತಾಗುವುದಿಲ್ಲ. ಇದಕ್ಕೆ ನನಗೆ ಹೊಳೆದ ಉದಾಹರಣೆ ನಮ್ಮ ವಿ.ಕೃ. ಗೋಕಾಕ್. ಅಡ್ಡಹೆಸರು ಗೋಕಾಕ್, ಹುಟ್ಟಿದ್ದು ಸವಣೂರಿನಲ್ಲಿ. ಹಾಗಾಗಿ ಅಟೆನ್‌ಬರೋ ಹೆಸರಿನವರನ್ನು ಹಳ್ಳಿಯೊಳಗಿಂತ ಅದರ ಸುತ್ತಲಿನ ಊರುಗಳಲ್ಲಿ ಹುಡುಕಬೇಕು.

ನಕ್ಷೆಯಲ್ಲಿ ಎಡವುವ ಜಾಗಗಳು

ಇಂಗ್ಲೆಂಡಿನಲ್ಲಿ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಇಳಿಯುವುದು ನಾರ್ಮನ್ನರು ಬಂದ ಮೇಲೆ, ಜಮೀನ್ದಾರರಿಂದ ಶುರುವಾಯಿತು. ದಕ್ಷಿಣದ ಸಾಮಾನ್ಯ ಜನರಲ್ಲಿ ಸುಮಾರು 1350ರ ಹೊತ್ತಿಗೆ, ಉತ್ತರದಲ್ಲಿ ಇನ್ನೂ ನೂರು ವರ್ಷ ತಡವಾಗಿ ನೆಲೆಗೊಂಡಿತು. ದಾಖಲೆಗಳು: 1377, 1379, 1381ರ ತಲೆಗಂದಾಯ, 1538ರಿಂದ ಚರ್ಚುಗಳ ರಿಜಿಸ್ಟರು, 1837ರಿಂದ ಸರಕಾರಿ ಜನನ ಮರಣ ನೋಂದಣಿ, 1841ರಿಂದ ಹೆಸರು ಸಮೇತ ಜನಗಣತಿ. ಒಂದು ಹೆಸರಿನವರು ಎಲ್ಲೆಲ್ಲಿ ಎಷ್ಟಿದ್ದರು ಎಂದು ತೋರಿಸುವ ನಕ್ಷೆಗೆ ಹೆಚ್ಚಾಗಿ ಬಳಸುವುದು 1881ರ ಜನಗಣತಿ.

ಮೊದಲ ಎಡವು ಎಣಿಕೆಯದು. 1881ರಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು 38 ಲಕ್ಷ, ಇಡೀ ನಾಟಿಂಗ್‌ಹ್ಯಾಮ್‌ಶೈರಿನದು ಸುಮಾರು 3.9 ಲಕ್ಷ. ಲೆಕ್ಕ ಅರ್ಥವಾಗಲೆಂದು ಒಂದು ಹೆಸರಿನವರು ಎರಡೂ ಕಡೆ ನಲವತ್ತು ನಲವತ್ತು ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ನಕ್ಷೆಯಲ್ಲಿ ಎರಡೂ ಒಂದೇ ಬಣ್ಣ. ಲಕ್ಷಕ್ಕೆ ಎಷ್ಟು ಎಂದು ನೋಡಿದರೆ ಲಂಡನ್ನಿನಲ್ಲಿ ಒಬ್ಬರು, ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಹತ್ತು ಮಂದಿ. ತವರು ಯಾವುದು ಎಂಬುದು ಈ ಎರಡನೇ ಲೆಕ್ಕದಿಂದ ಗೊತ್ತಾಗುತ್ತದೆ. ಲಂಡನ್ನಿಗೆ ಎಲ್ಲ ಹೆಸರೂ ಹೊಟ್ಟೆಪಾಡಿಗೆ ಬರುತ್ತದೆ. ಅಟೆನ್‌ಬರೋದವರೂ ಹೋದರು, 19ನೇ ಶತಮಾನದ ಲಂಡನ್ನಿನಲ್ಲಿ ಗಿರವಿ ಅಂಗಡಿಗಳ ಫಲಕದ ಮೇಲೆ ಈ ಹೆಸರು ಎದ್ದು ಕಾಣುತ್ತಿತ್ತು. 1890ರಲ್ಲಿ ಹೆನ್ರಿ ಬ್ರೌಮ್ ಗಪ್ಪಿ ಇಂಥದೇ ಕಾರಣಕ್ಕೆ ನಗರದವರನ್ನು ಬಿಟ್ಟು ರೈತರ ಹೆಸರುಗಳನ್ನು ಮಾತ್ರ ತೆಗೆದುಕೊಂಡು, ಹತ್ತು ಸಾವಿರಕ್ಕೆ ಎಷ್ಟು ಎಂದು ಲೆಕ್ಕ ಹಾಕಿದ. ರೈತ ನೆಲ ಬಿಟ್ಟು ಕದಲುವುದು ಕಡಿಮೆ ಎಂಬ ಅವನ ಯೋಚನೆ ನನಗೆ ಬಹಳ ಹಿಡಿಸಿತು.

ಎರಡನೆಯದು ನನ್ನದೇ ಗೊಂದಲ. ಜಿಲ್ಲಾವಾರು ಬಣ್ಣ ತುಂಬಿದ ನಕ್ಷೆಯಲ್ಲಿ ನಾಟಿಂಗ್‌ಹ್ಯಾಮ್‌ಶೈರೂ ಡಾರ್ಬಿಶೈರೂ ಎರಡೂ ಗಾಢವಾಗಿ ಕಾಣುತ್ತವೆ. ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ ಹೆಸರಿರಬೇಕು, ಹಾಗಾದರೆ 'ಕೋಟೆ ಬಳಿಯವನು' ಎಂಬ ಅರ್ಥವೇ ಸರಿ ಎಂದು ಮತ್ತೆ ಹಳೆಯ ದಾರಿಗೆ ಹೊರಳಿದೆ. ದೊಡ್ಡ ಅಳತೆಯ ನಕ್ಷೆ ತೆಗೆದು ನೋಡಿದ ಮೇಲೆ ಗಂಟು ಬಿಚ್ಚಿತು. ಎರಡು ಜಿಲ್ಲೆಗಳ ಗಡಿ ಎರೆವಾಶ್ ಎಂಬ ಸಣ್ಣ ನದಿ. ಅದು ಬಂದು ಟ್ರೆಂಟ್ ನದಿಗೆ ಸೇರುವುದು ಅಟೆನ್‌ಬರೋದಲ್ಲೇ! ಆಚೆ ದಡದ ಲಾಂಗ್ ಈಟನ್ ಡಾರ್ಬಿಶೈರಿಗೆ ಸೇರಿದ್ದು. ಊರು ಗಡಿಯ ಅಂಚಿನಲ್ಲಿ ಕೂತಿದೆ. ಅಲ್ಲಿಂದ ಯಾವ ದಿಕ್ಕಿಗೆ ನಾಲ್ಕು ಮೈಲಿ ಹೋದರೂ ಸಂಸಾರ ಒಂದೇ, ಜಿಲ್ಲೆ ಮಾತ್ರ ಬೇರೆ. ಎರಡು ಗುಂಪು ಎಂದು ನಾನು ನೋಡಿದ್ದು ಒಂದೇ ಗುಂಪನ್ನು ಗಡಿಗೆರೆ ಸೀಳಿದ್ದು.

'ಕೋಟೆ ಬಳಿಯವನು' ಎಂಬುದು ಅರ್ಥವಾಗಿದ್ದರೆ ಈ ಹೆಸರು ಕೋಟೆ ಇದ್ದಲ್ಲೆಲ್ಲ ಹುಟ್ಟಬೇಕಿತ್ತು, ಕೆಂಟಿನಲ್ಲಿ, ಡೆವನ್ನಿನಲ್ಲಿ, ಯಾರ್ಕ್‌ಶೈರಿನಲ್ಲಿ. ನ್ಯಾಶ್ ಹಾಗೆಯೇ ಹುಟ್ಟಿದೆ, ಮರ ಎಲ್ಲ ಕಡೆಯೂ ಇತ್ತು. ಅಟೆನ್‌ಬರೋ ಮಾತ್ರ ಒಂದು ಹಳ್ಳಿಯ ಸುತ್ತ ದಟ್ಟವಾಗಿದೆ. ವ್ಯಾಕರಣ ತೀರ್ಮಾನಿಸಲಾರದ್ದನ್ನು ನಕ್ಷೆ ತೀರ್ಮಾನಿಸಿತು. ನನ್ನ ಇಡೀ ಟಿಪ್ಪಣಿಯಲ್ಲಿ ನೆನಪಿಡಬೇಕಾದ ಸಾಲು ಇದು.

ಡೇವಿಡ್ ಮನೆತನವೂ ಇದಕ್ಕೆ ಹೊಂದುತ್ತದೆ. ರಿಚರ್ಡ್ ಹುಟ್ಟಿದ್ದು 1923ರಲ್ಲಿ ಕೇಂಬ್ರಿಜ್‌ನಲ್ಲಿ, ಡೇವಿಡ್ 1926ರಲ್ಲಿ ಲಂಡನ್ ಪಕ್ಕದ ಐಸಲ್‌ವರ್ತ್‌ನಲ್ಲಿ. ತಂದೆ ಫ್ರೆಡರಿಕ್ ಹುಟ್ಟಿದ್ದು 1887ರಲ್ಲಿ ಸ್ಟೇಪಲ್‌ಫರ್ಡಿನಲ್ಲಿ, ಅಟೆನ್‌ಬರೋ ಹಳ್ಳಿಯಿಂದ ಕೆಲವೇ ಮೈಲಿ. ಒಂದು ತಲೆಮಾರು ಹಿಂದೆ ಸರಿದರೆ ಸಾಕು, ಚದುರಿದ ಚುಕ್ಕಿಗಳು ತವರಿನ ಹತ್ತಿರ ಕೂಡಿಕೊಳ್ಳುತ್ತವೆ.

ರಕ್ತದ ಸಾಕ್ಷಿ, ಅದನ್ನು ಓದುವ ಎಚ್ಚರ

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ಇಂಗ್ಲಿಷ್ ಅಡ್ಡಹೆಸರೂ ಹಾಗೆಯೇ. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ಹೋಲಿಸಿದರು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ನಂಟು ಕಾಣಲಿಲ್ಲ, ಕಮ್ಮಾರ ಪ್ರತಿ ಊರಲ್ಲೂ ಇದ್ದ. ಅಟೆನ್‌ಬರೋದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಒಬ್ಬನೇ ಪೂರ್ವಜನ ಕಡೆಯವರು ಎಂದು ಕಂಡಿತು. ಫ್ರೆಡರಿಕ್ ಅಟೆನ್‌ಬರೋ 1932ರಿಂದ 1951ರವರೆಗೆ ಪ್ರಿನ್ಸಿಪಾಲರಾಗಿದ್ದ ಕಾಲೇಜೇ ಮುಂದೆ ಈ ಲೆಸ್ಟರ್ ವಿಶ್ವವಿದ್ಯಾಲಯವಾಯಿತು ಎಂಬುದನ್ನು ಓದಿ ನನಗೆ ಖುಷಿಯಾಯಿತು.

ಆದರೆ ಇದನ್ನು 'ಊರಿನಿಂದ ಒಬ್ಬನೇ ಹೊರಟ' ಎಂದು ಬರೆಯಬೇಡಿ. ಹಲವರು ಹೊರಟಿದ್ದು, ಉಳಿದವರ ವಂಶ ಆರಿಹೋಗಿರಬಹುದು. ಅಡ್ಡಹೆಸರುಗಳು ಹೀಗೆ ಅಳಿಯುವ ಲೆಕ್ಕವನ್ನು 1874ರಲ್ಲೇ ಗಾಲ್ಟನ್ ಮತ್ತು ವಾಟ್ಸನ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಹಾಕಿದ್ದರು. ಸರಾಸರಿ ಒಬ್ಬನಿಗೆ ಒಬ್ಬ ಮಗ, ಕೆಲವರಿಗೆ ಇಬ್ಬರು ಮೂವರು, ಕೆಲವರಿಗೆ ಇಲ್ಲ ಎಂದು ಹಿಡಿದು ನಾನೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಒಬ್ಬೊಬ್ಬನಿಂದ ಶುರುವಾದ ನೂರು ಹೆಸರುಗಳಲ್ಲಿ ಒಂದನೇ ತಲೆಮಾರಿಗೇ 37 ಅಳಿಯುತ್ತವೆ. ಎರಡನೆಯದಕ್ಕೆ ಒಟ್ಟು 53, ಮೂರಕ್ಕೆ 63, ನಾಲ್ಕಕ್ಕೆ 69, ಐದಕ್ಕೆ 73. ತಲೆಮಾರಿಗೆ 30 ವರ್ಷದಂತೆ 700 ವರ್ಷ, ಅಂದರೆ 23 ತಲೆಮಾರು ಕಳೆದರೆ ಉಳಿಯುವುದು ಹತ್ತಕ್ಕೂ ಕಡಿಮೆ. ಇದರ ಮೇಲೆ 1348ರ ಮಹಾಪ್ಲೇಗು ಬೇರೆ. ಗಂಡುಮಗು ಹುಟ್ಟದ ಮಾತ್ರಕ್ಕೆ ಒಂದು ಹೆಸರು ಹೋಗಿಬಿಡುತ್ತದೆ, ಸಂತಾನ ಇದ್ದರೂ. ಆದ್ದರಿಂದ ಪೇಪರಿಗೆ ಬರೆಯುವ ಉತ್ತರದಲ್ಲಿ 'ಇಂದು ಉಳಿದಿರುವ ಬಹುತೇಕರು ಒಂದೇ ಬೇರಿನವರು' ಎಂದು ಬರೆಯಿರಿ, 'ಹೆಸರು ಪಡೆದವನು ಒಬ್ಬನೇ' ಎಂದಲ್ಲ.

ಹುಡುಕುವವರಿಗೆ ಒಂದು ಮಾತು. ರಿಜಿಸ್ಟರು ಬರೆದ ಪಾದ್ರಿ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಕೊನೆಯ ಅಕ್ಷರಗಳನ್ನು ಬದಲಿಸಿ, 'ಬರೋ'ದ ಬದಲು 'ಬಾರೋ' ಎಂದೂ ಹುಡುಕಿ. 1841ರ ಗಣತಿಯಲ್ಲಿ ಹುಟ್ಟಿದ ಊರು ಇರುವುದಿಲ್ಲ, 1851ರದ್ದರಲ್ಲಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಸಮೇತ ಇದೆ. ತವರು ಬೇಕೆಂದರೆ 1851ರದ್ದನ್ನೇ ಮೊದಲು ತೆಗೆಯಿರಿ.